ಸೀಟ್ ಕವರಿನ ಕೆಳಗೆ ಹೂತುಹೋದ ಬಕಲ್

ಹೋದ ತಿಂಗಳು ಕಾರಿಗೆ ಮ್ಯಾಟ್ ತರೋಣ ಅಂತ ಒಂದು ಆಕ್ಸೆಸರೀಸ್ ಅಂಗಡಿಗೆ ಹೋಗಿದ್ದೆ. ಕೌಂಟರಿನ ಗಾಜಿನ ಕೆಳಗೆ ಉಕ್ಕಿನ ಸಣ್ಣ ಸಣ್ಣ ನಾಲಿಗೆಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದೊಂದರ ಮೇಲೆ ಒಂದೊಂದು ಕಂಪನಿಯ ಗುರುತು. ನೋಡೋಕೆ ಸೀಟ್ ಬೆಲ್ಟಿನ ತುದಿಯ ಹಾಗೇ ಇವೆ, ಬೆಲ್ಟ್ ಮಾತ್ರ ಇಲ್ಲ. ನನ್ನ ಪಕ್ಕದಲ್ಲಿ ಒಂದು ಜೋಡಿ ನಿಂತಿತ್ತು. ಹೊರಗೆ ಅವರ ಹೊಸ ಕಾರು, ಬಾನೆಟ್ ಮೇಲೆ ಪೂಜೆಯ ಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಹೆಂಡತಿಯ ಕಂಕುಳಲ್ಲಿ ಎರಡು ವರ್ಷದ ಮಗು. ಗಂಡ ಅಂಗಡಿಯ ಹುಡುಗನನ್ನು ಕೇಳಿದ, "ಬೆಲ್ಟ್ ಹಾಕದಿದ್ರೆ ಟಿಂಗ್ ಟಿಂಗ್ ಅಂತ ಬಡ್ಕೊಳ್ಳುತ್ತೆ. ಅದನ್ನ ನಿಲ್ಸೋಕೆ ಏನೋ ಬರುತ್ತಂತಲ್ಲ?" ಹುಡುಗ ಎರಡು ನಾಲಿಗೆ ತೆಗೆದುಕೊಟ್ಟ. ಬೆಲ್ಟಿನ ಬದಲು ಇದನ್ನು ಬಕಲಿಗೆ ಸಿಕ್ಕಿಸಿದರೆ, ಬೆಲ್ಟ್ ಹಾಕಿದ್ದಾರೆ ಅಂದುಕೊಂಡು ಕಾರು ಸುಮ್ಮನಾಗುತ್ತದೆ. ದುಡ್ಡು ಕೊಡುವಾಗ ಆತ ನನ್ನ ಕಡೆ ತಿರುಗಿ ನಗುತ್ತಾ ಹೇಳಿದ, "ಆರು ಏರ್‌ಬ್ಯಾಗ್ ಇದೆ ಸಾರ್ ಇದ್ರಲ್ಲಿ. ಫ್ಯಾಮಿಲಿಗೆ ಅಂತಲೇ ನೋಡಿ ತಗೊಂಡೆ."

ನಾನು "ಒಳ್ಳೇದು" ಅಂದುಬಿಟ್ಟೆ. ಬೇರೇನೂ ಹೇಳಲಿಲ್ಲ. ಅವರು ಹೋದ ಮೇಲೆ ನೆನಪಾಯಿತು, ಹೇಳಬೇಕಾದದ್ದು ಎಷ್ಟೊಂದಿತ್ತು ಅಂತ. ಆ ಮನುಷ್ಯ ಮನೆಯವರ ಮೇಲಿನ ಪ್ರೀತಿಯಿಂದಲೇ ಜಾಸ್ತಿ ದುಡ್ಡು ಕೊಟ್ಟು ಆರು ಬ್ಯಾಗಿನ ಕಾರು ತಂದಿದ್ದಾನೆ. ಅದೇ ಕೈಯಿಂದ ಆ ಬ್ಯಾಗುಗಳ ಅರ್ಧ ಕೆಲಸವನ್ನು ಕೆಡಿಸುವ ತುಂಡೊಂದನ್ನು ಕೊಂಡು ಹೋದ. ಯಾರೂ ಅವನಿಗೆ ಹೇಳಿಲ್ಲ, ನಾನೂ ಹೇಳಲಿಲ್ಲ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಖಾಲಿ ಸೀಟಿಗೆ ಬಂದ ಬ್ಯಾಗ್

ನನಗೆ ಈ ವಿಷಯ ಇಷ್ಟು ಕಾಡೋಕೆ ಕಾರಣ ನಮ್ಮ ಚಿಕ್ಕಪ್ಪನ ಕಾರು. ಕೆಲವು ವರ್ಷದ ಹಿಂದೆ ಚಿಕ್ಕಪ್ಪ, ಚಿಕ್ಕಮ್ಮ ಅರಸೀಕೆರೆಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಹಾಸನಕ್ಕೆ ವಾಪಸ್ ಬರುತ್ತಿದ್ದರು. ರಾತ್ರಿ ಒಂಬತ್ತರ ಸುಮಾರು. ರಸ್ತೆಗೆ ಕರು ಅಡ್ಡ ಬಂತು. ಅದನ್ನು ತಪ್ಪಿಸೋಕೆ ಹೋಗಿ ಚಿಕ್ಕಪ್ಪ ಪಕ್ಕದ ಹುಣಸೆ ಮರಕ್ಕೆ ಗುದ್ದಿದರು. ತೀರಾ ಜೋರಿನಲ್ಲೇನೂ ಇರಲಿಲ್ಲ, ಅರವತ್ತರ ಆಸುಪಾಸು ಅಂತ ಅವರೇ ಹೇಳುತ್ತಾರೆ. ಚಿಕ್ಕಪ್ಪ ಬೆಲ್ಟ್ ಹಾಕಿದ್ದರು. ಅವರಿಗೆ ಯಾವಾಗಲೂ ಆ ರೂಢಿ ಇದೆ. ಮುಂದಿನ ಎಡ ಸೀಟು ಖಾಲಿ. ಆರತಿ ತಟ್ಟೆ, ತಾಂಬೂಲದ ಚೀಲ, ಉಳಿದ ಹೋಳಿಗೆಯ ಡಬ್ಬ ಎಲ್ಲ ಪಕ್ಕದಲ್ಲಿಟ್ಟುಕೊಂಡು ಹಾಯಾಗಿ ಕೂರೋಣ ಅಂತ ಚಿಕ್ಕಮ್ಮ ಹಿಂದೆ ಕೂತಿದ್ದರು. ಬೆಲ್ಟ್ ಹಾಕಿರಲಿಲ್ಲ.

ಚಿಕ್ಕಪ್ಪ ನಡೆದುಕೊಂಡೇ ಆಚೆ ಬಂದರು. ಮುಂಗೈ ಚರ್ಮ ಉಜ್ಜಿ ಕೆಂಪಾಗಿತ್ತು. ಬಲ ಹೆಗಲಿಂದ ಎಡ ಸೊಂಟದವರೆಗೆ ಬೆಲ್ಟಿನ ಅಗಲದ್ದೇ ಒಂದು ನೀಲಿ ಪಟ್ಟೆ. ಎರಡು ವಾರ ಕೆಮ್ಮಿದರೆ ಎದೆ ನೋಯುತ್ತದೆ ಅನ್ನುತ್ತಿದ್ದರು, ಅಷ್ಟೇ. ಚಿಕ್ಕಮ್ಮನಿಗೆ ಕೊರಳೆಲುಬು ಮುರಿಯಿತು, ಎಡ ಮಂಡಿಯ ಚಿಪ್ಪು ಒಡೆಯಿತು. ಮೂರು ತಿಂಗಳು ಮಂಚ ಹಿಡಿದರು. ಇವತ್ತಿಗೂ ಅವರು ನೆಲದ ಮೇಲೆ ಕೂರಲಾರರು. ಪೂಜೆಗೆ ದೇವರ ಮನೆ ಹೊರಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮೊದಲು ಇಡೀ ಊರಿಗೆ ಚಕ್ಕಲಮಕ್ಕಲ ಹಾಕಿ ಕೂತು ಹಪ್ಪಳ ಒತ್ತಿಕೊಡುತ್ತಿದ್ದವರು.

ಇನ್ಶೂರೆನ್ಸ್ ಕೆಲಸಕ್ಕೆ ಅಂತ ನಾನು ಗ್ಯಾರೇಜಿಗೆ ಹೋದೆ. ಕಾರನ್ನು ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಏರ್‌ಬ್ಯಾಗ್ ಬಿಚ್ಚಿಕೊಂಡ ಕಾರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸ್ಟೀರಿಂಗಿನ ನಡುವಿನ ಮುಚ್ಚಳ ಹೂವಿನ ಎಸಳಿನಂತೆ ಸೀಳಿ ಹೊರಗೆ ಮಡಚಿಕೊಂಡಿತ್ತು. ಅದರೊಳಗಿಂದ ಬ್ಯಾಗ್ ಜೋತುಬಿದ್ದಿತ್ತು. ರಬ್ಬರ್ ಬಲೂನಿನ ಹಾಗಿರುತ್ತದೆ ಅಂದುಕೊಂಡಿದ್ದೆ. ಅಲ್ಲ, ಅದು ಬಟ್ಟೆ. ದಪ್ಪ ನೈಲಾನ್ ಬಟ್ಟೆ, ಒಗೆದು ಗಂಜಿ ಹಾಕಿದ ಪಂಚೆಯ ಹಾಗೆ ಕೈಗೆ ಒರಟೊರಟು. ಹಿಂದೆ ಎರಡು ತೂತು. ಮುಟ್ಟಿದರೆ ಬೆರಳಿಗೆ ಬಿಳಿ ಪುಡಿ ಅಂಟಿತು. ಮೂರು ದಿನ ಆಗಿದ್ದರೂ ಒಳಗೆ ಪಟಾಕಿ ಹೊಡೆದ ಮಾರನೇ ಬೆಳಗಿನ ವಾಸನೆ. ಮೇಸ್ತ್ರಿ ಚಾಲಕನ ಬೆಲ್ಟ್ ಎಳೆದು ತೋರಿಸಿದರು. ಅದು ಒಳಗೂ ಹೋಗದು, ಹೊರಗೂ ಬಾರದು, ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಮೇಲಿನ ಬಳೆಯಲ್ಲಿ ಹಾದುಬರುವ ಜಾಗದಲ್ಲಿ ಪಟ್ಟಿ ಉಜ್ಜಿ ನೂಲು ನೂಲಾಗಿತ್ತು. "ನೋಡಿ ಸಾರ್, ನಿಮ್ಮ ಚಿಕ್ಕಪ್ಪನ್ನ ಹಿಡಿದಿದ್ದು ಇದು," ಅಂದರು.

ಆಮೇಲೆ ಎಡಗಡೆ ನೋಡಿದೆ. ಯಾರೂ ಕೂತಿರದ ಆ ಸೀಟಿನ ಮುಂದೆಯೂ ಬ್ಯಾಗ್ ಬಿಚ್ಚಿಕೊಂಡಿತ್ತು. ಡ್ಯಾಶ್‌ಬೋರ್ಡ್ ಒಡೆದು ಮೇಲಕ್ಕೆದ್ದು, ಮುಂದಿನ ಗಾಜಿಗೆ ಬಡಿದು, ಗಾಜು ಜೇಡರ ಬಲೆಯಂತೆ ಸೀಳಿತ್ತು. ಅದೇ ಸೀಟಿನ ಬೆನ್ನು ಮುಂದಕ್ಕೆ ಬಾಗಿತ್ತು. ಒಳಗಿನ ಕಬ್ಬಿಣ ಸೊಟ್ಟಗಾಗಿತ್ತು. "ಇದ್ಯಾಕೆ ಹೀಗೆ? ಇಲ್ಲಿ ಯಾರೂ ಇರಲಿಲ್ಲವಲ್ಲ?" ಅಂತ ಕೇಳಿದೆ. ಮೇಸ್ತ್ರಿ ಒಂದು ಕ್ಷಣ ಸುಮ್ಮನಿದ್ದು, "ಹಿಂದುಗಡೆ ಅಮ್ಮ ಕೂತಿದ್ರಂತಲ್ಲ ಸಾರ್," ಅಂದರು. ಹಿಂದಿನ ಬಾಗಿಲು ತೆಗೆದೆ. ಹಸಿರು ಬಳೆ ಚೂರು ಸೀಟಿನ ಮೇಲೆಲ್ಲ ಇದ್ದವು. ಹಿಂದಿನ ಬೆಲ್ಟ್ ಗೂಡಿನಲ್ಲಿ ಹೊಸದರಂತೆ ಮಡಚಿಕೊಂಡು ಕೂತಿತ್ತು. ಬಕಲ್ ಹುಡುಕಿದೆ, ಕಾಣಲಿಲ್ಲ. ಸೀಟ್ ಕವರ್ ಹಾಕಿಸಿದ ದಿನವೇ ಅದು ಕವರಿನ ಕೆಳಗೆ ಹೋಗಿತ್ತು. ಅವತ್ತು ಚಿಕ್ಕಮ್ಮ ಬೆಲ್ಟ್ ಹಾಕುತ್ತೇನೆ ಅಂದಿದ್ದರೂ ಹಾಕೋಕೆ ಆಗುತ್ತಿರಲಿಲ್ಲ.

ಯಾರೂ ಇಲ್ಲದ ಸೀಟಿಗೆ ಬ್ಯಾಗ್ ಬಂತು. ಚಿಕ್ಕಮ್ಮನಿಗೆ ಇದ್ದದ್ದು ಒಂದು ಬೆಲ್ಟ್, ಅದನ್ನೂ ನಾವೇ ಹೂತು ಹಾಕಿದ್ದೆವು.

ಕಣ್ಣು ಮಿಟುಕಿಸುವ ಮೊದಲೇ

ಅವತ್ತಿಂದ ಏರ್‌ಬ್ಯಾಗ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತಾ ಹೋದಂತೆ ಅದರ ಮೇಲೆ ಗೌರವ ಜಾಸ್ತಿಯಾಯಿತು. ಜೊತೆಗೆ ಭಯವೂ.

ಕಾರು ಗುದ್ದಿದ ಹದಿನೈದು ಇಪ್ಪತ್ತು ಮಿಲಿಸೆಕೆಂಡಿನೊಳಗೆ ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನ ಮಾಡಿಬಿಡುತ್ತದೆ. ಇದು ಗುಂಡಿಗೆ ಇಳಿದ ಏಟಲ್ಲ, ನಿಜವಾದ ಗುದ್ದು ಅಂತ. ಆಮೇಲೆ ಕಿಡಿ ಹೊತ್ತಿಸುತ್ತದೆ. ಗುದ್ದಿನಲ್ಲಿ ಬ್ಯಾಟರಿಯ ವೈರ್ ಕಿತ್ತು ಹೋದರೂ ಕೆಲಸ ನಿಲ್ಲಬಾರದು ಅಂತ ಅದರೊಳಗೆ ಸ್ವಲ್ಪ ಕರೆಂಟ್ ಕೂಡಿಟ್ಟುಕೊಂಡಿರುತ್ತದೆ. ಕಿಡಿ ಬಿದ್ದ ಕೂಡಲೇ ರಾಸಾಯನಿಕವೊಂದು ಉರಿದು ಅನಿಲವಾಗುತ್ತದೆ. ಸುಮಾರು ಮೂವತ್ತು ಮಿಲಿಸೆಕೆಂಡಿನಲ್ಲಿ ಬ್ಯಾಗ್ ತುಂಬುತ್ತದೆ. ಕಣ್ಣು ಒಂದು ಸಲ ಮಿಟುಕಿಸೋಕೆ ಕಡಿಮೆ ಅಂದರೂ ನೂರು ಮಿಲಿಸೆಕೆಂಡ್ ಬೇಕು. ಅಂದರೆ ರೆಪ್ಪೆ ಮುಚ್ಚುವುದರೊಳಗೆ ಬ್ಯಾಗ್ ಬಂದು, ತುಂಬಿ, ನಮಗಾಗಿ ಕಾಯುತ್ತಿರುತ್ತದೆ. ಮುಖ ಅದಕ್ಕೆ ತಾಗಿದ ಮೇಲೆ ಹಿಂದಿನ ಆ ಎರಡು ತೂತುಗಳಿಂದ ಗಾಳಿ ಬಿಡುತ್ತಾ ಮೆತ್ತಗೆ ಕುಸಿಯುತ್ತದೆ. ಮೇಸ್ತ್ರಿ ತೋರಿಸಿದ ತೂತಿನ ಅರ್ಥ ಆಮೇಲೆ ಗೊತ್ತಾಯಿತು. ತುಂಬಿಕೊಂಡೇ ಇದ್ದರೆ ಅದು ಗೋಡೆ. ಕುಸಿಯುತ್ತಾ ಹೋದರೆ ಮಾತ್ರ ದಿಂಬು.

ಇಷ್ಟು ಬೇಗ ತುಂಬಬೇಕು ಅಂದರೆ ಅದು ಎಷ್ಟು ರಭಸದಿಂದ ಬರಬೇಕು ಯೋಚನೆ ಮಾಡಿ. ಗಂಟೆಗೆ 300 ಕಿಲೋಮೀಟರ್‌ವರೆಗೆ ಹೋಗುತ್ತದೆ ಆ ವೇಗ. ಆ ಬಟ್ಟೆ ಬರುವ ದಾರಿಯಲ್ಲಿ ನಮ್ಮ ಮುಖ ಇರಬಾರದು. ಪೂರ್ತಿ ತುಂಬಿದ ಮೇಲೆ ಅದನ್ನು ಮುಟ್ಟಬೇಕು, ತುಂಬುತ್ತಿರುವಾಗ ಅಲ್ಲ. ಇಲ್ಲೇ ಬೆಲ್ಟಿನ ಕೆಲಸ ಇರುವುದು. ಗುದ್ದುವ ಮುಂಚೆ ಹೆಚ್ಚಾಗಿ ಎಲ್ಲರೂ ಬ್ರೇಕ್ ಒತ್ತುತ್ತಾರೆ, ಅಲ್ವಾ? ಬೆಲ್ಟ್ ಇಲ್ಲದವನು ಆ ಬ್ರೇಕಿಗೇ ಅರ್ಧ ಮುಂದೆ ಜಾರಿರುತ್ತಾನೆ. ಬ್ಯಾಗ್ ಹೊರಟಾಗ ಅವನ ಎದೆ ಸ್ಟೀರಿಂಗ್ ಹತ್ತಿರವೇ ಇರುತ್ತದೆ. ಕಾಪಾಡೋಕೆ ಬಂದದ್ದೇ ಅವನಿಗೆ ಏಟಾಗುತ್ತದೆ. ಸ್ಟೀರಿಂಗಿನಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್ ಬಿಟ್ಟು ಕೂರಿ ಅಂತ ಹೇಳುವುದು ಇದಕ್ಕೇ. ನಮ್ಮಲ್ಲಿ ಎಷ್ಟೋ ಜನ, ಮುಖ್ಯವಾಗಿ ಕುಳ್ಳಗಿರುವವರು, ಬಾನೆಟ್ ಕಾಣಲಿ ಅಂತ ಸೀಟನ್ನು ಪೂರ್ತಿ ಮುಂದೆ ಎಳೆದುಕೊಂಡು ಎದೆಗೆ ಸ್ಟೀರಿಂಗ್ ಅವಚಿಕೊಂಡು ಓಡಿಸುತ್ತಾರೆ. ಸೀಟನ್ನು ಮೇಲೆತ್ತಿ, ಸ್ವಲ್ಪ ಹಿಂದೆ ತಳ್ಳಿ ಕೂತರೆ ಅದೇ ನೋಟ ಸಿಗುತ್ತದೆ.

ಈಗಿನ ಎಷ್ಟೋ ಬೆಲ್ಟುಗಳಲ್ಲೂ ಒಂದು ಸಣ್ಣ ಸಿಡಿಮದ್ದು ಇರುತ್ತದೆ. ಗುದ್ದಿದ ಕೂಡಲೇ ಅದು ಸಿಡಿದು ಬೆಲ್ಟಿನ ಸಡಿಲನ್ನು ಎಳೆದು ನಮ್ಮನ್ನು ಸೀಟಿಗೆ ಒತ್ತಿ ಹಿಡಿಯುತ್ತದೆ. ಆಮೇಲೆ ಪಕ್ಕೆಲುಬು ಮುರಿಯದಿರಲಿ ಅಂತ ತಾನೇ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತದೆ. ಅದೇ ಹೊತ್ತಿಗೆ ಬಾನೆಟ್ ಭಾಗ ಅಪ್ಪಚ್ಚಿಯಾಗುತ್ತಾ ಗುದ್ದಿನ ಬಲವನ್ನು ನುಂಗುತ್ತಿರುತ್ತದೆ. "ಈಗಿನ ಕಾರು ತಗಡು, ಮುಟ್ಟಿದರೆ ನೆಗ್ಗುತ್ತದೆ, ಹಳೇ ಅಂಬಾಸಿಡರ್ ನೋಡಿ ಕಲ್ಲಿನ ಹಾಗಿತ್ತು" ಅನ್ನುವವರನ್ನು ನೀವೂ ಕೇಳಿರುತ್ತೀರಿ. ಮುಂಭಾಗ ನೆಗ್ಗಬೇಕು, ಜನ ಕೂರುವ ಗೂಡು ನೆಗ್ಗಬಾರದು ಅಂತ ಮರ್ಸಿಡಿಸ್ ಕಂಪನಿಯ ಬೇಲಾ ಬರೇನಿ ಅನ್ನುವ ಎಂಜಿನಿಯರ್ 1950ರ ದಶಕದ ಶುರುವಿನಲ್ಲೇ ಹೇಳಿದ್ದ. ಕಾರು ಕಲ್ಲಿನ ಹಾಗಿದ್ದರೆ ಏಟು ಎಲ್ಲಿ ಹೋಗಬೇಕು? ಒಳಗೆ ಕೂತವರ ಮೈಗೇ.

ಹೀಗೆ ಬಾನೆಟ್, ಬೆಲ್ಟ್, ಬ್ಯಾಗ್ ಮೂರೂ ಒಂದರ ಕೈಯಿಂದ ಒಂದು ನಮ್ಮನ್ನು ಇಸಿದುಕೊಳ್ಳುತ್ತವೆ. ಸ್ಟೀರಿಂಗ್ ಮೇಲೆ ಎಸ್‌ಆರ್‌ಎಸ್ ಅಂತ ಬರೆದಿರುತ್ತದಲ್ಲ, ಅದರ ಮೊದಲ ಅಕ್ಷರದ ಅರ್ಥವೇ ಪೂರಕ. ಬೆಲ್ಟಿಗೆ ಪೂರಕ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಅನ್ನವೇ ಬಡಿಸದೆ ಉಪ್ಪಿನಕಾಯಿ ಆರು ಥರ ಇಟ್ಟರೆ ಏನು ಬಂತು?

ಮಗಳಿಗೆ ಅಡ್ಡ ಹಿಡಿದ ಕೈ

ಏರ್‌ಬ್ಯಾಗ್ ಹುಟ್ಟಿದ ಕಥೆ ನನಗೆ ತುಂಬ ಹಿಡಿಸಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಹೆಟ್ರಿಕ್ ಅಂತ ಒಬ್ಬ ಎಂಜಿನಿಯರ್ ಇದ್ದ. 1952ರಲ್ಲಿ ಒಂದು ಭಾನುವಾರ ಹೆಂಡತಿ, ಪುಟ್ಟ ಮಗಳನ್ನು ಕರೆದುಕೊಂಡು ಕಾರಿನಲ್ಲಿ ಸುತ್ತಾಡೋಕೆ ಹೋಗಿದ್ದ. ಮೂವರೂ ಮುಂದಿನ ಸೀಟಿನಲ್ಲೇ. ರಸ್ತೆಯಲ್ಲಿ ದೊಡ್ಡ ಕಲ್ಲು ಎದುರಾಯಿತು. ಬ್ರೇಕ್ ಒತ್ತಿ ಪಕ್ಕಕ್ಕೆ ತಿರುಗಿಸಿದ. ಕಾರು ಚರಂಡಿಗೆ ಇಳಿಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಕ್ಷಣದಲ್ಲಿ ಅವನೂ ಅವನ ಹೆಂಡತಿಯೂ ಮಾಡಿದ ಒಂದೇ ಕೆಲಸ, ಮಗಳ ಮುಂದೆ ಕೈ ಅಡ್ಡ ಹಿಡಿದದ್ದು. ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಅದೇ ಯೋಚನೆ. ಕೈಗೆ ಬದಲು ಇನ್ನೇನಾದರೂ ಅಡ್ಡ ಬರುವ ಹಾಗಿದ್ದರೆ? ನೌಕಾಪಡೆಯಲ್ಲಿದ್ದಾಗ ಟಾರ್ಪಿಡೋ ರಿಪೇರಿ ಮಾಡುವಾಗ ಒತ್ತಿಟ್ಟ ಗಾಳಿ ಬಿಟ್ಟುಕೊಂಡು ಅದರ ಮೇಲಿನ ಬಟ್ಟೆ ಚಾವಣಿಗೆ ಹಾರಿದ್ದು ಅವನಿಗೆ ನೆನಪಾಯಿತು. ಅದೇ ರಾತ್ರಿ ಕೂತು ಚಿತ್ರ ಬರೆದ. 1953ರಲ್ಲಿ ಪೇಟೆಂಟ್ ಸಿಕ್ಕಿತು. ಕಾರು ಕಂಪನಿಗಳು ತಲೆ ಕೆಡಿಸಿಕೊಳ್ಳಲಿಲ್ಲ. ಅವರು ಏರ್‌ಬ್ಯಾಗ್ ಹಾಕೋಕೆ ಶುರು ಮಾಡುವಷ್ಟರಲ್ಲಿ ಪೇಟೆಂಟಿನ ಅವಧಿಯೇ ಮುಗಿದಿತ್ತು.

ಆ ಕೈ ನಮಗೂ ಗೊತ್ತು. ನಾನು ಚಿಕ್ಕವನಿದ್ದಾಗ ಚಿಕ್ಕಪ್ಪನ ಹಳೇ ಓಮ್ನಿಯ ಮುಂದಿನ ಸೀಟಿನಲ್ಲಿ ಕೂತರೆ, ಪ್ರತಿ ಸಲ ಬ್ರೇಕ್ ಹೊಡೆದಾಗಲೂ ಅವರ ಎಡಗೈ ನನ್ನ ಎದೆಗೆ ಬರುತ್ತಿತ್ತು. ಈಗ ನಾನು ಓಡಿಸುವಾಗ ಪಕ್ಕದಲ್ಲಿ ಬರೀ ತರಕಾರಿ ಚೀಲ ಇದ್ದರೂ ನನ್ನ ಎಡಗೈ ಹಾಗೇ ಹೋಗುತ್ತದೆ. ಯಾರೂ ಕಲಿಸಿದ್ದಲ್ಲ. ಆದರೆ ಆ ಕೈಗೆ ಎಷ್ಟು ಶಕ್ತಿ ಇದೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂದುಕೊಳ್ಳಿ. ಒಳಗಿನ ಪ್ರತಿಯೊಂದು ವಸ್ತುವೂ ತನ್ನ ತೂಕದ ಸುಮಾರು ಹದಿನಾಲ್ಕು ಪಟ್ಟು ಬಲದಿಂದ ಮುಂದೆ ನುಗ್ಗುತ್ತದೆ. ಹತ್ತು ಕೆಜಿಯ ಮಗು ಆ ಹೊತ್ತಿಗೆ 140 ಕೆಜಿ. ಎರಡು ಭರ್ತಿ ಅಕ್ಕಿ ಮೂಟೆಗಿಂತ ಜಾಸ್ತಿ. ಯಾವ ತಾಯಿಯ ಕೈಯೂ ಅದನ್ನು ಹಿಡಿಯಲಾರದು. ಪ್ರೀತಿ ಕಡಿಮೆ ಅಂತಲ್ಲ, ತೋಳಿನ ಶಕ್ತಿ ಸಾಲದು.

ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಹೋಗುವುದು ನಮ್ಮಲ್ಲಿ ಎಲ್ಲೆಲ್ಲೂ ಕಾಣುವ ದೃಶ್ಯ. ಮಗುವಿಗೆ ರಸ್ತೆ ಕಾಣುತ್ತದೆ, ಅಳುವುದಿಲ್ಲ. ಅಮ್ಮನ ಹತ್ತಿರ ಇದ್ದರೆ ಸುರಕ್ಷಿತ ಅನ್ನುವುದು ಸಾವಿರಾರು ವರ್ಷದ ನಂಬಿಕೆ. ಕಾರಿನ ಮುಂದಿನ ಸೀಟಿನಲ್ಲಿ ಮಾತ್ರ ಅದು ತಿರುಗುಮುರುಗು. ಏರ್‌ಬ್ಯಾಗಿಗೂ ಅಮ್ಮನಿಗೂ ನಡುವೆ ಮಗು ಇರುತ್ತದೆ. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೀಗೆ ಅಮ್ಮನ ಮಡಿಲಲ್ಲಿ ಕೂತಿದ್ದ ಎರಡು ವರ್ಷದ ಮಗು ತೀರಿಕೊಂಡಿತು. ದೊಡ್ಡವರು ಸಣ್ಣಪುಟ್ಟ ಗಾಯದಿಂದ ಉಳಿದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಆ ಜೋಡಿಯನ್ನು ನೋಡಿದಾಗ ತಲೆಗೆ ಬಂದದ್ದೂ ಅದೇ ಮಗು.

ಅಮೆರಿಕದವರು ಈ ಪಾಠವನ್ನು ತುಂಬ ಕಷ್ಟಪಟ್ಟು ಕಲಿತರು. ಅಲ್ಲಿ ಮೊದಮೊದಲ ಬ್ಯಾಗುಗಳು ಬೆಲ್ಟ್ ಹಾಕದ ದೊಡ್ಡ ಗಂಡಸನ್ನೂ ತಡೆಯುವಷ್ಟು ಬಿರುಸಾಗಿದ್ದವು. 1990ರಿಂದ 2008ರ ನಡುವೆ ನಿಧಾನದ ಗುದ್ದುಗಳಲ್ಲಿ ಬ್ಯಾಗಿನ ಏಟಿಗೇ 290ಕ್ಕೂ ಹೆಚ್ಚು ಜನ ಸತ್ತರು ಅಂತ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯೇ ಲೆಕ್ಕ ಕೊಟ್ಟಿದೆ. ಅದರಲ್ಲಿ ಮಕ್ಕಳೂ ಇದ್ದರು. ಹೆಚ್ಚಿನವರು ಬೆಲ್ಟ್ ಹಾಕಿರಲಿಲ್ಲ, ಇಲ್ಲವೇ ಸರಿಯಾಗಿ ಕೂತಿರಲಿಲ್ಲ. 1998ರ ಸುಮಾರಿಗೆ ಬ್ಯಾಗಿನ ಬಿರುಸು ತಗ್ಗಿಸಿದರು. ಮಕ್ಕಳು ಹಿಂದಿನ ಸೀಟಿಗೆ ಅನ್ನುವುದನ್ನು ಮನೆಮನೆಗೆ ಮುಟ್ಟಿಸಿದರು. ಇದೇ ಏರ್‌ಬ್ಯಾಗ್ ಉಳಿಸಿದ ಜೀವಗಳು ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಅದನ್ನು ಮರೆಯಬಾರದು. ಆದರೆ ಅದರ ಎದುರು ಹೇಗೆ ಕೂರಬೇಕು ಅನ್ನುವುದು ಅದರ ಜೊತೆಗೇ ಬರಬೇಕಾದ ತಿಳಿವಳಿಕೆ. ನಮಗೆ ಬ್ಯಾಗ್ ಬಂತು. ತಿಳಿವಳಿಕೆ ಶೋರೂಮಿನಲ್ಲೇ ಉಳಿಯಿತು. ಕೀಲಿ ಕೊಡುವಾಗ ಕೇಕ್ ಕತ್ತರಿಸಿ ಫೋಟೋ ತೆಗೆಯುತ್ತಾರೆ. ಎರಡು ನಿಮಿಷ ಕೂರಿಸಿ, "ಮಗುವನ್ನು ಮುಂದೆ ಕೂರಿಸಬೇಡಿ, ಎಳೆಮಗುವಿನ ಸೀಟನ್ನು ಹಿಮ್ಮುಖವಾಗಿ ಮುಂದೆ ಕಟ್ಟಬೇಡಿ, ಕಟ್ಟಲೇಬೇಕಾದರೆ ಆ ಕಡೆಯ ಬ್ಯಾಗ್ ಆಫ್ ಮಾಡಿ" ಅಂತ ಹೇಳಿದ್ದನ್ನು ನಾನಂತೂ ಕಂಡಿಲ್ಲ.

ಇಲ್ಲೇ ಇನ್ನೊಂದು ಮಾತು. ಡ್ಯಾಶ್‌ಬೋರ್ಡ್ ಮೇಲೆ ದೇವರನ್ನು ಇಡುವುದು ನಮ್ಮ ರೂಢಿ, ನನ್ನ ಕಾರಿನಲ್ಲೂ ಪುಟ್ಟ ಗಣಪ ಇದ್ದಾನೆ. ಎಡಗಡೆ ಬ್ಯಾಗಿನ ಮುಚ್ಚಳದ ಮೇಲೆ ಮಾತ್ರ ಏನನ್ನೂ ಅಂಟಿಸಬೇಡಿ. ಬ್ಯಾಗ್ ಬಿಚ್ಚಿಕೊಂಡರೆ ಅಲ್ಲಿದ್ದದ್ದು ಕಲ್ಲಿನಂತೆ ಮುಖಕ್ಕೆ ಬರುತ್ತದೆ. ನಡುವಿನಲ್ಲಿ, ಬ್ಯಾಗಿನ ದಾರಿ ಬಿಟ್ಟು ಕೂರಿಸಿ. ಕೈ ಮುಗಿಯೋಕೆ ಅದೇ ಅನುಕೂಲ ಕೂಡ.

ಹಿಂದಿನ ಸೀಟಿನವರು

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ನೆನಪಿರಬಹುದು. ಅಹಮದಾಬಾದಿನಿಂದ ಮುಂಬೈಗೆ ಬರುತ್ತಿದ್ದ ಕಾರು ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಗೆ ಗುದ್ದಿತು. ಒಳ್ಳೆಯ, ದುಬಾರಿ ಕಾರು. ಮುಂದೆ ಕೂತಿದ್ದ ಇಬ್ಬರು ಜೋರಾದ ಗಾಯವಾದರೂ ಬದುಕಿದರು. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಹೋದರು. ಆಮೇಲೆ ಒಂದಷ್ಟು ದಿನ ದೇಶವೆಲ್ಲ ಹಿಂದಿನ ಬೆಲ್ಟಿನದೇ ಮಾತು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕು ಅನ್ನುವ ನಿಯಮ ಅದಕ್ಕೂ ಎಷ್ಟೋ ವರ್ಷ ಮೊದಲೇ ಪುಸ್ತಕದಲ್ಲಿತ್ತು. 2019ರ ತಿದ್ದುಪಡಿಯಲ್ಲಿ ಸಾವಿರ ರೂಪಾಯಿ ದಂಡವೂ ಬಂದಿತ್ತು. ನಮ್ಮ ಪೊಲೀಸರೂ 2022ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದರು. ಆಮೇಲೆ ಎಲ್ಲ ಮೊದಲಿನಂತೆ ಆಯಿತು. ಬೆಂಗಳೂರಿನಲ್ಲಿ ಕ್ಯಾಬ್ ಹತ್ತಿ ಹಿಂದಿನ ಬಕಲ್ ಎಲ್ಲಿದೆ ಅಂತ ಕೇಳಿ ನೋಡಿ. ಹತ್ತರಲ್ಲಿ ಏಳೆಂಟು ಸಲ ನನಗೆ ಸಿಕ್ಕಿದ ಉತ್ತರ ಒಂದೇ, "ಹಿಂದೆ ಬೇಡ ಸಾರ್, ಯಾರೂ ಹಿಡಿಯಲ್ಲ." ಪೊಲೀಸರು ಹಿಡಿಯಲ್ಲ ಅನ್ನೋದು ನಿಜ. ಗುದ್ದಿದಾಗ ಬೇರೆ ಯಾರೂ ಹಿಡಿಯಲ್ಲ ಅನ್ನೋದೂ ಅಷ್ಟೇ ನಿಜ.

ಕೇಂದ್ರ ಸಾರಿಗೆ ಇಲಾಖೆಯ ವರದಿಯಲ್ಲಿ 2022ರ ಅಂಕಿ ಇದೆ. ಆ ವರ್ಷ ಬೆಲ್ಟ್ ಹಾಕದೆ ಸತ್ತವರು 16,715 ಜನ. ಅದರಲ್ಲಿ ಚಾಲಕರು 8,384, ಪ್ರಯಾಣಿಕರು 8,331. ಈ ಎರಡು ಸಂಖ್ಯೆಯನ್ನು ನಾನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಅರ್ಧಕ್ಕರ್ಧ. ಬೆಲ್ಟ್ ಅಂದರೆ ಓಡಿಸುವವನ ವಿಷಯ ಅಂದುಕೊಂಡಿದ್ದೇವೆ. ಪಕ್ಕದಲ್ಲೂ ಹಿಂದೆಯೂ ಕೂತವರು ಅಷ್ಟೇ ಸಂಖ್ಯೆಯಲ್ಲಿ ಸಾಯುತ್ತಿದ್ದಾರೆ.

ನಮ್ಮ ಮನೆಗಳಲ್ಲಿ ಹಿಂದೆ ಕೂರುವವರು ಯಾರು? ಅಜ್ಜಿ, ಅಮ್ಮ, ಅತ್ತೆ, ಬಸುರಿ ಹೆಂಗಸರು, ಮಕ್ಕಳು. "ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ" ಅಂತ ಗೌರವದಿಂದ ಕೂರಿಸುತ್ತೇವೆ. ಯಾರ ಮೇಲೆ ಪ್ರೀತಿ ಜಾಸ್ತಿಯೋ ಅವರಿಗೇ ಬೆಲ್ಟ್ ಇಲ್ಲ. ಹಿಂದಿನ ಸೀಟಿನವರ ಮುಂದೆ ಎದುರಿನ ಗುದ್ದಿಗೆ ಸಾಮಾನ್ಯವಾಗಿ ಏರ್‌ಬ್ಯಾಗೂ ಇರುವುದಿಲ್ಲ. ಆರು ಬ್ಯಾಗ್ ಅಂದರೆ ಮುಂದೆ ಎರಡು, ಮುಂದಿನ ಸೀಟುಗಳ ಪಕ್ಕಕ್ಕೆ ಎರಡು, ಕಿಟಕಿಯ ಮೇಲಿಂದ ಪರದೆಯಂತೆ ಇಳಿಯುವವು ಎರಡು. ಹಿಂದಿನವರಿಗೆ ಸಿಗುವುದು ಆ ಪರದೆ, ಅದೂ ಪಕ್ಕದಿಂದ ಗುದ್ದಿದಾಗಿನ ಮಾತು. ಎದುರಿಂದ ಗುದ್ದಿದರೆ ಅವರಿಗೆ ಬೆಲ್ಟೇ ಗತಿ. ಅಂಗಡಿಯಲ್ಲಿ ಸಿಕ್ಕ ಆ ತಂದೆಗೆ ಇದನ್ನು ಹೇಳಬೇಕಿತ್ತು. ಇನ್ನೊಂದನ್ನೂ ಹೇಳಬೇಕಿತ್ತು. ಪಕ್ಕದ ಬ್ಯಾಗ್ ಸೀಟಿನ ಅಂಚಿನೊಳಗೆ ಇರುತ್ತದೆ. ಅದರ ಮೇಲೆ ದಪ್ಪ ಲೆದರ್ ಕವರ್ ಬಿಗಿದು ಹೊಲಿಸಿದರೆ ಅದು ಹೊರಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಆ ಜಾಗ ಬಿಟ್ಟು ಹೊಲಿದ ಕವರುಗಳು ಸಿಗುತ್ತವೆ, ಕೇಳಿ ಹಾಕಿಸಬೇಕು.

ಬ್ಯಾಗಿನ ಲೆಕ್ಕ

ಸರ್ಕಾರ ಏನೂ ಮಾಡಿಲ್ಲ ಅನ್ನಲಾರೆ. 2014ರಲ್ಲಿ, ಕಾರುಗಳನ್ನು ಪರೀಕ್ಷೆಗೆ ಗುದ್ದಿಸಿ ಸುರಕ್ಷತೆಗೆ ಸ್ಟಾರ್ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನವರು ನಮ್ಮಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಐದು ಕಾರುಗಳನ್ನು ಗುದ್ದಿಸಿ ನೋಡಿದಾಗ, ಬ್ಯಾಗ್ ಇಲ್ಲದ ಆ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್ ಬಂತು. ಅವತ್ತಿನಿಂದ ಇವತ್ತಿಗೆ ನೋಡಿದರೆ ತುಂಬ ದೂರ ಬಂದಿದ್ದೇವೆ. 2019ರ ಜುಲೈಯಿಂದ ಚಾಲಕನಿಗೆ ಒಂದು ಬ್ಯಾಗ್ ಕಡ್ಡಾಯವಾಯಿತು. 2022ರ ಹೊತ್ತಿಗೆ ಪಕ್ಕದ ಸೀಟಿಗೂ ಬಂತು. ಆರು ಬ್ಯಾಗ್ ಕಡ್ಡಾಯ ಮಾಡುವ ಮಾತು ಬಂದು, ಒಂದು ವರ್ಷ ಮುಂದೆ ಹೋಗಿ, 2023ರಲ್ಲಿ ಕಡ್ಡಾಯ ಮಾಡುವುದಿಲ್ಲ ಅಂತ ಸಚಿವ ನಿತಿನ್ ಗಡ್ಕರಿ ಹೇಳಿದರು. ಅದೇ ವರ್ಷ ಅಂಥದ್ದೇ ಪರೀಕ್ಷೆ ಮಾಡುವ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ಈಗ ಕಾರು ಕೊಳ್ಳುವವರು ಮೈಲೇಜಿನ ಜೊತೆ ಸ್ಟಾರೂ ಕೇಳುತ್ತಾರೆ. ಇದು ನಿಜಕ್ಕೂ ಖುಷಿಯ ವಿಷಯ.

ಆದರೆ ಸ್ಟಾರ್ ಕೊಡುವಾಗ ಗುದ್ದಿಸುವ ಕಾರಿನಲ್ಲಿ ಕೂತ ಗೊಂಬೆಗಳಿಗೆಲ್ಲ ಬೆಲ್ಟ್ ಹಾಕಿರುತ್ತಾರೆ. ಮಗುವಿನ ಗೊಂಬೆಗಳನ್ನು ಹಿಂದೆ, ಮಗುವಿನ ಸೀಟಿನಲ್ಲಿ ಕಟ್ಟಿ ಕೂರಿಸಿರುತ್ತಾರೆ. ಐದು ಸ್ಟಾರ್ ಬಂದದ್ದು ಹಾಗೆ ಕೂತವರಿಗೆ. ಬೆಲ್ಟಿನ ಸದ್ದು ನಿಲ್ಲಿಸುವ ನಾಲಿಗೆಯನ್ನು ಸಿಕ್ಕಿಸಿಕೊಂಡು ಕೂತವರ ಲೆಕ್ಕ ಅದರಲ್ಲಿಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಮಳಿಗೆಗಳಿಗೆ ಆದೇಶ ಕೊಟ್ಟು ಇಂಥ ನಾಲಿಗೆಗಳ 13,118 ಜಾಹೀರಾತುಗಳನ್ನು ತೆಗೆಸಿತು. ಒಳ್ಳೆಯ ಕೆಲಸ. ಆದರೂ ನಾನು ಹೋದ ಅಂಗಡಿಯ ಗಾಜಿನ ಕೆಳಗೆ ಅವು ಹೊಳೆಯುತ್ತಾ ಕೂತಿವೆ.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರಿಗೆ ಇನ್ನೊಂದು ಹೇಳಿಬಿಡುತ್ತೇನೆ. ಬ್ಯಾಗ್ ಒಂದೇ ಸಲದ್ದು. ಬಿಚ್ಚಿಕೊಂಡ ಮೇಲೆ ಹೊಸದು ಹಾಕಿಸಬೇಕು, ಅದಕ್ಕೆ ತುಂಬ ಖರ್ಚು. ಕೆಲವರು ಹೊಸದು ಹಾಕದೆ ಮುಚ್ಚಳ ಮಾತ್ರ ಅಂಟಿಸಿ ಮಾರುತ್ತಾರೆ ಅಂತ ನಮ್ಮ ಮೇಸ್ತ್ರಿಯೇ ಹೇಳಿದರು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ಕೆಂಪು ದೀಪ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಲೇ ಇಲ್ಲ ಅಂದರೂ ಅನುಮಾನ ಪಡಿ, ಆರಲೇ ಇಲ್ಲ ಅಂದರೂ ಅನುಮಾನ ಪಡಿ. ಎರಡೂ ಸರಿಯಿದ್ದರೂ ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ.

ಬ್ಲೇಡು ಮತ್ತು ಎರಡು ರೂಪಾಯಿ

ಹೋದ ಭಾನುವಾರ ಚಿಕ್ಕಮ್ಮನನ್ನು ಮಂಡಿ ತೋರಿಸೋಕೆ ಬೆಂಗಳೂರಿಗೆ ಕರೆದುಕೊಂಡು ಬರಬೇಕಿತ್ತು. ಹಿಂದಿನ ದಿನವೇ ನಾನು ನನ್ನ ಕಾರಿನ ಹಿಂದಿನ ಸೀಟಿಗೆ ಕೈ ಹಾಕಿದೆ. ನನ್ನದರಲ್ಲೂ ಬಕಲ್‌ಗಳು ಕವರಿನ ಕೆಳಗೇ ಇದ್ದವು. ಇಷ್ಟೆಲ್ಲ ಓದಿಕೊಂಡ ಮೇಲೂ ನಾನು ನೋಡಿರಲಿಲ್ಲ ಅಂತ ಬೇಜಾರಾಯಿತು. ಸೀಟಿನ ಕೂರುವ ಭಾಗವನ್ನು ಎತ್ತಿ, ಕವರಿಗೆ ಬ್ಲೇಡಿನಿಂದ ಸೀಳು ಹಾಕಿ, ಒಂದೊಂದಾಗಿ ಮೂರನ್ನೂ ಮೇಲೆ ಎಳೆದೆ. ಕೆಳಗೆ ಎರಡು ರೂಪಾಯಿಯ ನಾಣ್ಯ, ಒಂದು ಹೇರ್‌ಪಿನ್, ಒಣಗಿದ ಕಡಲೆಕಾಯಿ ಸಿಪ್ಪೆ ಸಿಕ್ಕವು. ಹಳೇ ಟೂತ್‌ಬ್ರಷ್ಷಿನಲ್ಲಿ ಬಕಲ್ ಬಾಯಿಯ ಧೂಳು ತೆಗೆದೆ. ಅರ್ಧ ಗಂಟೆಯ ಕೆಲಸ.

ಬೆಳಿಗ್ಗೆ ಚಿಕ್ಕಮ್ಮ ಬಂದು ಹಿಂದೆ ಕೂತರು. ಆ ರಾತ್ರಿಯ ನಂತರ ಅವರು ಕಾರು ಹತ್ತುವಾಗ ಒಂದು ಸಲ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಬೆಲ್ಟ್ ಎಳೆದರು, ಅದು ಸಿಕ್ಕಿಕೊಂಡಿತು. ಇನ್ನೂ ಜೋರಾಗಿ ಎಳೆದರು, ಬರಲೇ ಇಲ್ಲ.

"ಹಾಳಾಗಿದೆ ಕಣೋ ಇದು."

"ಇಲ್ಲ ಚಿಕ್ಕಮ್ಮ, ಮೆಲ್ಲಗೆ ಎಳೀರಿ. ಜೋರಾಗಿ ಎಳೆದ್ರೆ ಗುದ್ದಿದೆ ಅಂದ್ಕೊಂಡು ಹಿಡ್ಕೊಂಡುಬಿಡುತ್ತೆ."

ಮೆಲ್ಲಗೆ ಎಳೆದರು, ಬಂತು. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರುತ್ತಿತ್ತು. ಸೆರಗು ಸರಿಸಿ, ಸೊಂಟದ ಎಲುಬಿನ ಮೇಲೆ ಕೂರುವ ಹಾಗೆ ಕೆಳಗೆ ಮಾಡಿಕೊಟ್ಟೆ. ಮೇಲಿನದು ಕುತ್ತಿಗೆಗೆ ತಾಗದ ಹಾಗೆ ಹೆಗಲ ನಡುವೆ. ಚಿಕ್ಕಪ್ಪ ಮುಂದೆ ಕೂತು ತಿರುಗಿ ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ತಮ್ಮದನ್ನು ಒಂದು ಸಲ ಎಳೆದು ನೋಡಿಕೊಂಡರು.

ಶಾಂತಿಗ್ರಾಮದ ಟೋಲ್ ದಾಟಿದ ಮೇಲೆ ಚಿಕ್ಕಮ್ಮನಿಗೆ ಕಾಲ ಹತ್ತಿರ ಇಟ್ಟಿದ್ದ ಕಿತ್ತಳೆ ಚೀಲ ಬೇಕಾಯಿತು. ನಾನು ಕನ್ನಡಿಯಲ್ಲಿ ನೋಡಿದೆ. ಬೆಲ್ಟ್ ಬಿಚ್ಚುತ್ತಾರೇನೋ ಅಂದುಕೊಂಡೆ. ಬಿಚ್ಚಲಿಲ್ಲ. ನಿಧಾನವಾಗಿ ಮುಂದೆ ಬಾಗಿದರು. ಬೆಲ್ಟ್ ಅವರ ಜೊತೆಗೇ ಬಂತು. ಎರಡು ಹಣ್ಣು ತೆಗೆದುಕೊಂಡು, ಹಿಂದೆ ಒರಗಿ, ಸುಲಿಯತೊಡಗಿದರು.